ಸಾವಿನ ಮನೆಗೆ ಕುಣಿತದ ಧಾಟಿ

2022ರ ಸೆಪ್ಟೆಂಬರ್ 19. ಎಲಿಜಬೆತ್ ರಾಣಿಯ ಅಂತ್ಯಕ್ರಿಯೆ ಟೀವಿಯಲ್ಲಿ ಬರುತ್ತಿತ್ತು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಕಪ್ಪು ಬಟ್ಟೆ ತೊಟ್ಟ ದೊಡ್ಡ ಮನುಷ್ಯರೆಲ್ಲ ಎದ್ದು ನಿಂತರು. ಆರ್ಗನ್ ಶುರುವಾಯಿತು. ನನ್ನ ಬಲಗಾಲು ತಾಳ ಹಾಕತೊಡಗಿತು.

“ರೀ, ಹೆಣ ಇನ್ನೂ ಅಲ್ಲೇ ಇದೆ. ಕಾಲು ಕುಣಿಸಬೇಡಿ” ಅಂದಳು ಹೆಂಡತಿ.

ಕುಣಿಸಿದ್ದು ನಾನಲ್ಲ ಅಂತ ಅವಳಿಗೆ ಹೇಗೆ ಹೇಳಲಿ? ಧಾಟಿಯೇ ಹಾಗಿದೆ. ಒಂದು-ಎರಡು-ಮೂರು, ಒಂದು-ಎರಡು-ಮೂರು. ಶುದ್ಧ ವಾಲ್ಟ್ಸ್, ಯುರೋಪಿನವರು ಜೋಡಿಯಾಗಿ ಸುತ್ತುತ್ತಾ ಕುಣಿಯುವ ಕುಣಿತ. ಮೊದಲ ಸ್ವರ ಪಂಚಮ, ಅಲ್ಲಿಂದ ಸೀದಾ ಮೇಲಿನ ಗಾಂಧಾರಕ್ಕೆ ಒಂದು ಹಾರು. ಇಷ್ಟಾದ ಮೇಲೆ ಕಾಲು ಸುಮ್ನೆ ಕೂರಬೇಕು ಅಂದರೆ ಹೇಗೆ? ಆವತ್ತಿನಿಂದ ಈ ಹಾಡಿನ ಮೇಲೆ ನನಗೆ ಸಣ್ಣ ಸಿಟ್ಟು. ಸಿಟ್ಟು ಬಂದ ಮೇಲೆ ಅದರ ಜಾತಕ ಹುಡುಕುವುದು ನನ್ನ ಹಳೆಯ ಚಾಳಿ.

ಹಾಡು ‘ದ ಡೇ ದೌ ಗೇವೆಸ್ಟ್, ಲಾರ್ಡ್, ಈಸ್ ಎಂಡೆಡ್’. ನೀನು ಕೊಟ್ಟ ಹಗಲು ಮುಗಿಯಿತು ದೇವರೇ, ಅಂತ ಶುರು. 1870ರಲ್ಲಿ ಬರೆದವನು ಜಾನ್ ಎಲ್ಲರ್ಟನ್ ಎಂಬ ಪಾದ್ರಿ. ಆಗ ಆತ ಇದ್ದದ್ದು ಚೆಷೈರಿನ ಕ್ರೂ ಗ್ರೀನ್‌ನಲ್ಲಿ. ಪಕ್ಕದ ಕ್ರೂನಲ್ಲಿ ರೈಲ್ವೆ ಕಾರ್ಖಾನೆ. ಅಲ್ಲಿಯ ಕೆಲಸಗಾರರಿಗೆ ಪಾಠ ಹೇಳಲು ಸಂಜೆ ನಡೆದು ಹೋಗುವಾಗ ಇದರ ಸಾಲುಗಳು ಹೊಳೆದವು ಎಂಬ ಮಾತಿದೆ. ಇರಬಹುದು. ರೈಲ್ವೆಯವರ ಸಹವಾಸ ಹಾಡಿನಲ್ಲಿ ಕಾಣುತ್ತದೆ. ಇಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಪಶ್ಚಿಮದಲ್ಲಿ ಇನ್ನೊಬ್ಬರು ಎದ್ದು ಪ್ರಾರ್ಥನೆಗೆ ಕೂರುತ್ತಾರೆ, ಭೂಮಿ ಸುತ್ತಿದಂತೆ ಸ್ತುತಿಯೂ ಸುತ್ತುತ್ತದೆ, ಎಲ್ಲೂ ನಿಲ್ಲುವುದಿಲ್ಲ. ದೇವರಿಗೂ ಒಂದು ಟೈಮ್‌ಟೇಬಲ್. ಎಲ್ಲರ್ಟನ್ ಒಳ್ಳೆಯ ಮನುಷ್ಯ. ತನ್ನ ಹಾಡುಗಳಿಗೆ ಕಾಪಿರೈಟ್ ಕೂಡ ಇಟ್ಟುಕೊಳ್ಳಲಿಲ್ಲ. ನನ್ನ ಜಗಳ ಅವನ ಜೊತೆ ಅಲ್ಲ.

ಧಾಟಿ ಕಟ್ಟಿದವನೂ ಪಾದ್ರಿಯೇ, ಕ್ಲೆಮೆಂಟ್ ಸ್ಕೋಲ್‌ಫೀಲ್ಡ್. ಅದು ಅಚ್ಚಾದದ್ದು 1874ರಲ್ಲಿ, ಚರ್ಚಿನ ಹಾಡುಗಳ ಒಂದು ಪುಸ್ತಕದಲ್ಲಿ. ಇಂಗ್ಲಿಷ್ ಚರ್ಚುಗಳಲ್ಲಿ ಹಾಡಿಗೊಂದು ಹೆಸರು, ಧಾಟಿಗೆ ಬೇರೆಯೇ ಹೆಸರು. ಊರಿನದೋ ಸಂತರದೋ ಇಡುತ್ತಾರೆ. ಈ ಧಾಟಿಯ ಹೆಸರು ‘ಸೇಂಟ್ ಕ್ಲೆಮೆಂಟ್’. ಆ ಹೆಸರಿನ ಸಂತನೊಬ್ಬ ರೋಮಿನಲ್ಲಿ ಇದ್ದದ್ದು ನಿಜ. ಆದರೂ ಕ್ಲೆಮೆಂಟ್ ಎಂಬಾತ ಕಟ್ಟಿದ ಧಾಟಿಗೆ ಸಂತ ಕ್ಲೆಮೆಂಟನ ಹೆಸರು ಬಿದ್ದದ್ದು ಬರೀ ಆಕಸ್ಮಿಕ ಅಂತ ನಂಬುವಷ್ಟು ಸಾಧು ನಾನಲ್ಲ. ಆ ಪುಸ್ತಕದ ಸಂಗೀತ ನೋಡಿಕೊಂಡವನು ಆರ್ಥರ್ ಸಲಿವನ್, ನಗೆನಾಟಕಗಳಿಗೆ ಸಂಗೀತ ಕೊಟ್ಟು ಹೆಸರಾದವನು. ಲಂಡನ್ನಿನ ಒಂದೇ ಚರ್ಚಿನಲ್ಲಿ ಸ್ಕೋಲ್‌ಫೀಲ್ಡ್ ಕಿರಿಯ ಪಾದ್ರಿಯಾಗಿದ್ದ, ಸಲಿವನ್ ಆರ್ಗನ್ ನುಡಿಸುತ್ತಿದ್ದ. ಗೆಳೆಯನನ್ನು ಸಂತನ ಪದವಿಗೆ ಏರಿಸಿದ ತುಂಟತನ ಅವನದೇ ಇದ್ದೀತು. ಧಾಟಿಯಲ್ಲೇ ಅವನ ಕೈಯಿದೆ ಎಂಬ ಗುಮಾನಿಯೂ ಕೆಲವರಿಗಿದೆ. ಸ್ಕೋಲ್‌ಫೀಲ್ಡ್ ಕಟ್ಟಿದ ಉಳಿದ ಧಾಟಿಗಳು ಇವತ್ತು ಯಾರ ಬಾಯಲ್ಲೂ ಇಲ್ಲ. ಅದಕ್ಕೇ ಗುಮಾನಿ.

ಈಗ ಇನ್ನೊಬ್ಬರ ವಿಷಯಕ್ಕೆ ಬರುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಆಗಲಿ.

1904ರಲ್ಲಿ ಲಂಡನ್ನಿನ ಒಂದು ಮನೆಯ ಮುಂದೆ ಬಾಡಿಗೆ ಗಾಡಿ ಬಂದು ನಿಂತಿತು. ಇಳಿದವನು ಪರ್ಸಿ ಡಿಯರ್ಮರ್ ಎಂಬ ಪಾದ್ರಿ. ಒಳಗಿದ್ದವನು ರಾಲ್ಫ್ ವಾನ್ ವಿಲಿಯಮ್ಸ್, ಆಗಿನ್ನೂ ಮೂವತ್ತರ ಆಸುಪಾಸಿನ ಸಂಗೀತಗಾರ. ಬಂದ ಪಾದ್ರಿಯ ಬಗ್ಗೆ ಅವನಿಗೆ ಗೊತ್ತಿದ್ದದ್ದು ಒಂದೇ: ಬೀದಿ ಅಲೆಯುವವರನ್ನು ಕರೆದು ತನ್ನ ಮನೆಯ ಹಜಾರದಲ್ಲಿ ಮಲಗಿಸುವ ಆಸಾಮಿ. ಪಾದ್ರಿ ಅಲೆಮಾರಿಗಳ ವಿಷಯ ಎತ್ತಲಿಲ್ಲ. ಒಂದು ಹೊಸ ಹಾಡಿನ ಪುಸ್ತಕ ತರುತ್ತಿದ್ದೇವೆ, ಸಂಗೀತ ನೀವು ನೋಡಿಕೊಡಿ ಅಂದ. ಇವನು ಪಾದ್ರಿಯ ಮಗನಾದರೂ ದೇವರನ್ನು ನಂಬುತ್ತಿರಲಿಲ್ಲ. ಇಂಥ ಹಾಡುಗಳ ಬಗ್ಗೆ ನನಗೆ ಹೆಚ್ಚೇನೂ ಗೊತ್ತಿಲ್ಲ ಅಂತ ಕೊಸರಾಡಿದ. ನೀವು ಒಲ್ಲೆ ಅಂದರೆ ಕೆಲಸ ಇಂಥವರಿಗೆ ಹೋಗುತ್ತದೆ ಅಂತ ಗೊತ್ತಾಯಿತು ನೋಡಿ. ಆ ಇಂಥವರ ಸಂಗೀತ ಕಂಡರೆ ಇವನಿಗೆ ಆಗುತ್ತಿರಲಿಲ್ಲ. ತಕ್ಷಣ ಒಪ್ಪಿಕೊಂಡ. ಲೋಕದ ಎಷ್ಟೋ ದೊಡ್ಡ ಕೆಲಸಗಳು ಹೀಗೆ, ಬೇರೊಬ್ಬನಿಗೆ ಸಿಗಬಾರದು ಎಂಬ ಹೊಟ್ಟೆಕಿಚ್ಚಿನಲ್ಲೇ ಆಗಿರಬೇಕು.

ಎರಡು ತಿಂಗಳ ಕೆಲಸ, ಖರ್ಚಿಗೆ ಕೈಯಿಂದ 5 ಪೌಂಡು ಹಾಕಿದರೆ ಸಾಕು ಅಂದಿದ್ದರು. ಎರಡು ವರ್ಷ ಹಿಡಿಯಿತು. ಖರ್ಚು ಸುಮಾರು 250 ಪೌಂಡು. ಮನೆ ಕಟ್ಟಿಸಿದವರಿಗೆ ಈ ಲೆಕ್ಕ ಹೊಸದಲ್ಲ. 1906ರಲ್ಲಿ ‘ದ ಇಂಗ್ಲಿಷ್ ಹಿಮ್ನಲ್’ ಹೊರಬಂತು. ಅದರ ಮುನ್ನುಡಿಯಲ್ಲಿ ಆತ ಆಗಿನ ಚರ್ಚಿನ ಧಾಟಿಗಳನ್ನು ಚೆನ್ನಾಗಿ ಝಾಡಿಸಿದ್ದಾನೆ. ಅಳುಮುಂಜಿ ಧಾಟಿಗಳ ವಿಷಗಾಳಿಯಲ್ಲಿ ಬಿದ್ದಿರುವುದು ಸುಲಭ, ಒಳ್ಳೆಯ ಧಾಟಿಗೆ ಮನಸ್ಸು ಹೊಂದಿಸಲು ಶ್ರಮ ಬೇಕು ಅಂತ. ಇದು ಬರೀ ಸಂಗೀತದ ಪ್ರಶ್ನೆಯಲ್ಲವಂತೆ, ನೀತಿಯ ಪ್ರಶ್ನೆ. ಎಲ್ಲರ್ಟನ್ನನ ಹಾಡಿಗೆ ಜಿನೀವಾದ ಹದಿನಾರನೇ ಶತಮಾನದ ಒಂದು ಗಂಭೀರ ಧಾಟಿ ಹೊಂದಿಸಿದ. ಪಾಪದ ಸೇಂಟ್ ಕ್ಲೆಮೆಂಟನ್ನು ಪುಸ್ತಕದ ಕೊನೆಯ ಅನುಬಂಧಕ್ಕೆ ತಳ್ಳಿದ. ತನಗೆ ಹಿಡಿಸದ, ಆದರೆ ಜನ ಬಿಡದ ಧಾಟಿಗಳಿಗೆ ಅಲ್ಲಿ ಜಾಗ. ಆ ಅನುಬಂಧಕ್ಕೆ ‘ಭೂತಬಂಗಲೆ’ ಎಂಬಂಥ ಅಡ್ಡಹೆಸರೂ ಬಿತ್ತು.

ಸರಿ, ವಾಲ್ಟ್ಸ್ ಚರ್ಚಿಗೆ ಬೇಡ, ಒಪ್ಪೋಣ. ಆದರೆ ಅದೇ ಪುಸ್ತಕಕ್ಕೆ ಈ ಮಹಾಶಯ ಏನೇನು ಸೇರಿಸಿದ ಗೊತ್ತಾ? ಸರ‍್ರೆ, ಸಸೆಕ್ಸ್ ಕಡೆಯ ಹಳ್ಳಿ ತಿರುಗಿ ಹಳಬರ ಬಾಯಿಂದ ಬರೆದುಕೊಂಡ ಜನಪದ ಹಾಡಿನ ಮಟ್ಟುಗಳನ್ನು. ಉಳುವ ಹುಡುಗನ ಕನಸಿನ ಹಾಡೊಂದರ ಮಟ್ಟು ತೆಗೆದು, ಅದು ಸಿಕ್ಕ ಹಳ್ಳಿಯ ಹೆಸರಲ್ಲಿ ‘ಫಾರೆಸ್ಟ್ ಗ್ರೀನ್’ ಅಂತ ಕರೆದು ಬೆತ್ಲೆಹೇಮಿನ ಹಾಡಿಗೆ ಅಂಟಿಸಿದ. ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್‌ಗೆ ಇವತ್ತಿಗೂ ಅದನ್ನೇ ಹಾಡುತ್ತಾರೆ. ತುಂಬ ಚೆಂದದ ಮಟ್ಟು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಲದ ಹಾಡು ಒಳಗೆ ಬರಬಹುದು, ಪೇಟೆಯ ಕುಣಿತ ಬರಬಾರದು ಎಂಬ ಈ ಮಡಿ ಯಾವ ಸೀಮೆಯದು? ದೂರದ ಹಳ್ಳಿಯವನು ಹಾಡಿದರೆ ಅದು ಸಂಸ್ಕೃತಿ, ಪಕ್ಕದ ಮನೆಯವನು ಹಾಡಿದರೆ ಗಲಾಟೆ. ಅಭಿರುಚಿಯ ಕಾವಲುಗಾರರು ಎಲ್ಲ ಊರಲ್ಲೂ ಒಂದೇ ಥರ. ನಮ್ಮಲ್ಲೂ ನಾಡಗೀತೆಗೆ ಯಾವ ಧಾಟಿ ಅಂತ ವರ್ಷಗಟ್ಟಲೆ ಕಿತ್ತಾಡಿ, ಮೈಸೂರು ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡು ಅಂತ ಕೊನೆಗೆ ಸರ್ಕಾರವೇ ಹೇಳಬೇಕಾಯಿತು. ಅದೂ ರಾಣಿ ಸತ್ತ ಆ ಸೆಪ್ಟೆಂಬರಿನಲ್ಲೇ. ಹಾಡುವವರನ್ನು ಯಾರಾದರೂ ಕೇಳಿದರಾ?

ಇಂಗ್ಲೆಂಡಿನಲ್ಲೂ ಕೇಳಲಿಲ್ಲ. ಜನ ಕೇಳಿಸಿಕೊಳ್ಳಲೂ ಇಲ್ಲ. ಅನುಬಂಧಕ್ಕೆ ಪುಟ ತಿರುಗಿಸಿ ಸೇಂಟ್ ಕ್ಲೆಮೆಂಟನ್ನೇ ಹಾಡುತ್ತಾ ಹೋದರು. ಬೇರೆ ಪುಸ್ತಕದವರು ಬೇರೆ ಬೇರೆ ಧಾಟಿ ಕೂರಿಸಿ ನೋಡಿದರು. ಯಾವುದೂ ನಿಲ್ಲಲಿಲ್ಲ.

ಇಷ್ಟೆಲ್ಲ ಧಾಟಿಯ ಗದ್ದಲದಲ್ಲಿ ಸಾಹಿತ್ಯ ಯಾರಾದರೂ ಓದಿದರೋ ಇಲ್ಲವೋ ಅಂತ ನನ್ನ ಅನುಮಾನ. 1897ರಲ್ಲಿ ವಿಕ್ಟೋರಿಯಾ ರಾಣಿಯ ಪಟ್ಟಕ್ಕೆ 60 ವರ್ಷ ತುಂಬಿದಾಗ ಚರ್ಚುಗಳಲ್ಲಿ ಈ ಹಾಡು ಮೊಳಗಿತು. ಆರಿಸಿದ್ದು ರಾಣಿಯೇ. ಸೂರ್ಯ ಮುಳುಗದ ಸಾಮ್ರಾಜ್ಯಕ್ಕೆ ಸೂರ್ಯನ ಹಾಡು ಅಂತ ಹಿಗ್ಗಿರಬೇಕು. ಕೊನೆಯ ಚರಣದಲ್ಲಿ ಎಲ್ಲರ್ಟನ್ ಏನು ಬರೆದಿದ್ದಾನೆ? ಭೂಮಿಯ ಮೇಲಿನ ಸೊಕ್ಕಿನ ಸಾಮ್ರಾಜ್ಯಗಳು ಅಳಿದು ಹೋಗುತ್ತವೆ, ನಿನ್ನ ಸಿಂಹಾಸನ ಹಾಗಲ್ಲ, ಅಂತ. ರಾಣಿಯ ಹಬ್ಬದಲ್ಲಿ ದೇಶವೇ ಎದ್ದುನಿಂತು ಇದನ್ನು ಹಾಡಿತು. ಬಹುಶಃ ಆ ಚರಣ ಬರುವ ಹೊತ್ತಿಗೆ ಎಲ್ಲರೂ ತೂಗಾಡುತ್ತಿದ್ದರು, ಕುಣಿತದ ಧಾಟಿಯ ಒಂದು ಅನುಕೂಲ. ಸರಿಯಾಗಿ ನೂರು ವರ್ಷಕ್ಕೆ, 1997ರಲ್ಲಿ, ಹಾಂಗ್‌ಕಾಂಗನ್ನು ಚೀನಾಕ್ಕೆ ಒಪ್ಪಿಸುವಾಗಲೂ ಇದೇ ಹಾಡು. ಆಗಲಾದರೂ ಸಾಹಿತ್ಯ ಹೊಂದಿತು.

ರಾಣಿಯ ಅಂತ್ಯಕ್ರಿಯೆಗೆ ಬರೋಣ ಅಂದರೆ, ಅಲ್ಲಿ ಇನ್ನೊಂದು ದೂರು ಇದೆ. ಇಂಥ ಕಡೆ ಆರ್ಗನ್ ನುಡಿಸುವವರು ವಾಲ್ಟ್ಸ್ ಗೊತ್ತಾಗಬಾರದು ಅಂತ ನಿಧಾನ ಮಾಡುತ್ತಾರೆ. ಗೊತ್ತಾಗದೆ ಇರುತ್ತದೆಯೇ? ನಿಧಾನ ಮಾಡಿದ ವಾಲ್ಟ್ಸ್ ಇನ್ನೂ ಜಾಸ್ತಿ ವಾಲ್ಟ್ಸ್. ಇದಕ್ಕಿಂತ ಆ ಜಿನೀವಾದ ಧಾಟಿಯನ್ನೇ ಹಾಡಬಹುದಿತ್ತಲ್ಲ ಅನ್ನಿಸಿ ಹುಡುಕಿ ಕೇಳಿದೆ. ನಿಜಕ್ಕೂ ಚೆನ್ನಾಗಿದೆ. ಗಂಭೀರ, ನೇರ, ಎಲ್ಲೂ ಹಾರುವುದಿಲ್ಲ ಕುಣಿಯುವುದಿಲ್ಲ. ವಾನ್ ವಿಲಿಯಮ್ಸ್ ಹೇಳಿದ್ದರಲ್ಲಿ ನ್ಯಾಯ ಇದೆ. ಹೆಂಡತಿಯೂ ಕೇಳಿ, ಇದು ಸಾವಿಗೆ ಸರಿ ಅಂದಳು. ಅಡುಗೆಮನೆಗೆ ಹೋದವಳು ಗುನುಗುತ್ತಿದ್ದದ್ದು ಮಾತ್ರ ಸೇಂಟ್ ಕ್ಲೆಮೆಂಟ್. ನಾನೇನೂ ಅನ್ನಲಿಲ್ಲ. ಜಿನೀವಾದ್ದು ಹೇಗಿತ್ತು ಅಂತ ಕೇಳಿದ್ದರೆ ನನಗೂ ಹೇಳಲು ಬರುತ್ತಿರಲಿಲ್ಲ.