ಹಸುಗೂಸಿಗೊಂದು ಕಾರಣ ಕೇಳುವ ನೋಟಿಸ್

ಕೆಲಸಕ್ಕೆ ಹೋಗುವ ತಾಯಂದಿರು ದಿನವಿಡೀ ಕೂಸಿನಿಂದ ದೂರ ಇರಬೇಕಾದ ಸಂಕಟದ ಬಗ್ಗೆ ಇದುವರೆಗೆ ಎಷ್ಟೋ ಚರ್ಚೆಗಳಾಗಿವೆ. ಆದರೆ ಮುಖ್ಯ ಆರೋಪಿಯನ್ನು ಮಾತ್ರ ಯಾರೂ ಕಟಕಟೆಗೆ ಕರೆತಂದಿಲ್ಲ. ಕಚೇರಿಯ ವೇಳಾಪಟ್ಟಿಯಲ್ಲಿ ದೋಷವಿಲ್ಲ, ಏಕೆಂದರೆ ಅದನ್ನು ಸಿದ್ಧಪಡಿಸಿದವರು ತಾವೂ ಒಮ್ಮೆ ತೊಟ್ಟಿಲಲ್ಲಿ ಮಲಗಿ ಕಿರುಚಿದವರೆಂಬುದನ್ನು ಮರೆಯುವಷ್ಟು ಪ್ರೌಢರಾಗಿದ್ದಾರೆ. ದೋಷವೆಲ್ಲ ಮಗುವಿನದೇ. ಹುಟ್ಟಿ ಇಷ್ಟು ವಾರಗಳಾದರೂ ಅದು ಗಡಿಯಾರ ನೋಡುವುದನ್ನು ಕಲಿತಿಲ್ಲ. ಮೊದಲ ವಾರಗಳಲ್ಲಿ ದಿನಕ್ಕೆ 8ರಿಂದ 12 ಬಾರಿ ಹಾಲು ಕೇಳುತ್ತದೆ. ಹಾಗೆ ಕೇಳುವ ಮುನ್ನ ಅರ್ಜಿ ಸಲ್ಲಿಸುವುದಿಲ್ಲ, ಮೇಲಧಿಕಾರಿಯ ಒಪ್ಪಿಗೆಗೆ ಕಾಯುವುದಿಲ್ಲ, ತ್ರೈಮಾಸಿಕ ವರದಿಯ ದಿನವೆಂಬ ರಿಯಾಯಿತಿಯನ್ನೂ ತೋರುವುದಿಲ್ಲ. ಇಂಥ ಅಶಿಸ್ತನ್ನು ಯಾವ ಸಂಸ್ಥೆ ತಾನೇ ಸಹಿಸೀತು?

ದೊಡ್ಡವರಾದರೋ ತಮ್ಮ ಪಾಲಿನ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸಿದ್ದಾರೆ. ಮೊದಲ 6 ತಿಂಗಳು ಮಗುವಿಗೆ ತಾಯಿಯ ಹಾಲನ್ನಲ್ಲದೆ ಬೇರೇನನ್ನೂ, ನೀರನ್ನು ಕೂಡ, ಕೊಡಬಾರದೆಂದೂ ಆಮೇಲೆ ಬೇರೆ ಆಹಾರದೊಂದಿಗೆ 2 ವರ್ಷದವರೆಗೆ ಅಥವಾ ಅದಕ್ಕೂ ಮೀರಿ ಎದೆಹಾಲು ಮುಂದುವರಿಯಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2000ರಲ್ಲಿ ಅಂಗೀಕರಿಸಿದ ಒಡಂಬಡಿಕೆಯ ಪ್ರಕಾರ ಹೆರಿಗೆ ರಜೆ ಕನಿಷ್ಠ 14 ವಾರ ಇರಬೇಕು. 6 ತಿಂಗಳೆಂದರೆ 26 ವಾರ. ಎರಡೂ ವಿಶ್ವಸಂಸ್ಥೆಯೆಂಬ ಒಂದೇ ಮನೆಯ ಅಕ್ಕತಂಗಿಯರಾದ್ದರಿಂದ ನಡುವೆ ಉಳಿಯುವ 12 ವಾರಗಳ ಮಾತೆತ್ತಿ ಒಬ್ಬರ ಮುಖ ಇನ್ನೊಬ್ಬರು ಕೆಡಿಸುವುದು ಸಭ್ಯತೆಯಲ್ಲ. ಆ ಲೆಕ್ಕವನ್ನು ಮಗುವೇ ಬಿಡಿಸಿಕೊಳ್ಳಬೇಕು. ಇದಲ್ಲದೆ ಆ 14 ವಾರಗಳಲ್ಲಿ ಹೆರಿಗೆಯ ನಂತರವೇ ಪಡೆಯಬೇಕೆಂದು ಕಡ್ಡಾಯ ಮಾಡಿರುವುದು 6 ವಾರ ಮಾತ್ರ. ದಿನ ತುಂಬುತ್ತಿರುವ ಹೆಂಗಸು ಕಾಲು ಊದಿಕೊಂಡಿತೆಂದು ಕೆಲವು ವಾರ ಮೊದಲೇ ರಜೆ ಹಾಕಿದಳೆಂದರೆ, ಹೊಟ್ಟೆಯೊಳಗಿದ್ದುಕೊಂಡೇ ತನ್ನ ರಜೆಯನ್ನು ದುಂದುವೆಚ್ಚ ಮಾಡಿದ ಆರೋಪವೂ ಕೂಸಿನ ತಲೆಗೇ ಬರುತ್ತದೆ.

ಪ್ರಗತಿಯಾಗಿಲ್ಲವೆಂದು ಯಾರೂ ದೂರುವಂತಿಲ್ಲ. ಅದೇ ಕಾರ್ಮಿಕ ಸಂಘಟನೆಯ 1919ರ ಒಡಂಬಡಿಕೆಯಲ್ಲಿ, ಕೆಲಸದ ವೇಳೆಯಲ್ಲೇ ದಿನಕ್ಕೆ ಎರಡು ಬಾರಿ ಅರ್ಧರ್ಧ ಗಂಟೆ ಹಾಲೂಡಿಸಲು ಬಿಡಬೇಕೆಂದು ಒರಟಾಗಿ, ಎಲ್ಲರಿಗೂ ಅರ್ಥವಾಗುವಂತೆ ಬರೆದಿತ್ತು. 2000ರ ಹೊತ್ತಿಗೆ ಭಾಷೆ ನಯವಾಗಿ ‘ಒಂದು ಅಥವಾ ಹೆಚ್ಚು’ ಬಿಡುವು ಎಂದಾಯಿತು. ಅದಕ್ಕೆ ಸಂಬಳ ಕಡಿಯಬಾರದೆಂಬ ಮಾತು ಸೇರಿತು, ಎಷ್ಟು ಬಾರಿ, ಎಷ್ಟು ಹೊತ್ತು ಎಂಬುದು ಆಯಾ ದೇಶದ ವಿವೇಚನೆಗೆ ಹೋಯಿತು. ವಿವೇಚನೆ ಎಂಬುದು ಬಹಳ ಹಿಗ್ಗುವ ಪದ, ಅಷ್ಟೇ ಕುಗ್ಗುತ್ತದೆ ಕೂಡ. ಎಂಟು ಗಂಟೆಯ ದುಡಿಮೆ, ಅದರ ಎರಡು ತುದಿಗೂ ಜೋತುಬಿದ್ದ ಪ್ರಯಾಣ, ಹೊರಡುವ ಹೊತ್ತಿಗೆ ಸರಿಯಾಗಿ ಯಾರಿಗೋ ಹೊಳೆಯುವ ‘ಐದೇ ನಿಮಿಷದ ಮಾತು’ ಎಲ್ಲ ಸೇರಿ ಹನ್ನೊಂದು ಗಂಟೆಯಾದರೆ, ಮೂರು ಗಂಟೆಗೊಮ್ಮೆ ಹಸಿಯುವ ಮಗುವಿನ ಮೂರು ನಾಲ್ಕು ಊಟ ತಾಯಿಯಿಲ್ಲದೆಯೇ ನಡೆಯಬೇಕಾಗುತ್ತದೆ. ಅರ್ಧ ಗಂಟೆಯ ಬಿಡುವಿನಲ್ಲಿ ಮನೆಗೆ ಓಡಿ ಹಾಲೂಡಿಸಿ ಬರುವುದು, ಕೂಸಿನ ತೊಟ್ಟಿಲನ್ನು ಕಚೇರಿಯ ಮೆಟ್ಟಿಲಿಗೇ ಕಟ್ಟಿದ್ದರೆ ಮಾತ್ರ ಸಾಧ್ಯ.

ಹೀಗಾಗಿ ಹಾಲನ್ನು ಹಿಂಡಿ ತೆಗೆದಿಡಬೇಕು. ಅದಕ್ಕೊಂದು ಕೋಣೆ ಬೇಕು. ಕೋಣೆ ಇದೆ. ನಿವೃತ್ತಿ ಹೊಂದಿದ ಪ್ರಿಂಟರುಗಳು, ಕಾಲು ಮುರಿದ ಕುರ್ಚಿಗಳು ಮತ್ತು ಹಿಂದಿನ ವರ್ಷದ ಮಹಿಳಾ ದಿನಾಚರಣೆಯ ಬ್ಯಾನರ್ ವಿಶ್ರಾಂತಿ ಪಡೆಯುವ ಆ ಕೋಣೆಯ ಬಾಗಿಲಿಗೆ ‘ತಾಯಂದಿರ ಕೊಠಡಿ’ ಎಂಬ ಫಲಕವಿದೆ, ಬೀಗವೂ ಇದೆ, ಬೀಗದ ಕೈ ಮಾತ್ರ ಮೀಟಿಂಗಿನಲ್ಲಿರುವ ಒಬ್ಬ ಮಹನೀಯರ ಜೇಬಿನಲ್ಲಿದೆ. ಮಗು ಅಳದಿದ್ದರೆ ತಾಯಿಯೂ ಹಾಲು ಕೊಡಳು ಎಂಬ ಗಾದೆಯೊಂದಿದೆ. ಇಲ್ಲಿ ಹಾಲು ಕೊಡುವವಳೇ ಅತ್ತರೂ ಬೀಗದ ಕೈ ಸಿಗುವುದಿಲ್ಲ. ಸಿಕ್ಕಿತೆನ್ನಿ, ಒಳಗೆ ಪ್ಲಗ್ ಪಾಯಿಂಟ್ ಇರುವುದಿಲ್ಲ. ಆಗ ಯಾರಾದರೂ ಸಹೃದಯರು ಶೌಚಾಲಯದ ದಾರಿ ತೋರಿಸುತ್ತಾರೆ. ತಮ್ಮ ಮಧ್ಯಾಹ್ನದ ಊಟವನ್ನು ಅಲ್ಲಿ ಕುಳಿತು ತಯಾರಿಸಲು ಅವರಲ್ಲಿ ಯಾರೂ ಮುಂದಾದದ್ದನ್ನು ನಾನು ಕಂಡಿಲ್ಲ.

ಹಾಲು ಇಳಿಯುವುದಕ್ಕೆ ಆಕ್ಸಿಟೋಸಿನ್ ಎಂಬ ಹಾರ್ಮೋನು ಬೇಕು. ಅದು ಮಗುವಿನ ಅಳು, ಮಗುವಿನ ಸ್ಪರ್ಶ, ಕೊನೆಗೆ ಮಗುವಿನ ನೆನಪಿಗೂ ಒಲಿಯುತ್ತದೆ. ಆತಂಕಕ್ಕೆ ಮಾತ್ರ ಮುನಿದು ಹಿಂದೆ ಸರಿಯುತ್ತದೆ. ಎಂದರೆ, ಒಂದು ಕೈಯಲ್ಲಿ ಪಂಪು ಹಿಡಿದು, ಇನ್ನೊಂದು ಕೈಯಲ್ಲಿ ಮೊಬೈಲಿನೊಳಗಿನ ಮಗುವಿನ ಫೋಟೊ ನೋಡುತ್ತಾ, ‘ಇನ್ನೂ ಎಷ್ಟು ಹೊತ್ತು ಮೇಡಂ?’ ಎಂದು ಬಾಗಿಲು ಬಡಿಯುವವರಿಗೆ ಉತ್ತರಿಸುತ್ತಾ ಹೆಂಗಸು ನೆಮ್ಮದಿಯಿಂದಿರಬೇಕು. ಬಡಿತಕ್ಕೆ ಹೆದರಿ ಅರ್ಧಕ್ಕೇ ಎದ್ದರೆ ಎದೆ ಕಲ್ಲಾಗಿ ಕಟ್ಟಿಕೊಳ್ಳುತ್ತದೆ, ಬಾವು ಬರುತ್ತದೆ, ಜ್ವರವೂ ಬರಬಹುದು. ನಾಲ್ಕಾರು ದಿನ ಹಾಗೇ ಕಳೆದರೆ ಹಾಲೇ ಇಳಿಮುಖವಾಗುತ್ತದೆ, ಏಕೆಂದರೆ ಎಷ್ಟು ಖಾಲಿಯಾಯಿತೋ ಅಷ್ಟೇ ಮತ್ತೆ ತುಂಬುವುದು ಅದರ ಕ್ರಮ. ‘ನಿಮಗೆ ಹಾಲು ಕಡಿಮೆಯೇ?’ ಎಂದು ಆಮೇಲೆ ಕನಿಕರದಿಂದ ವಿಚಾರಿಸುವವರು ಬಾಗಿಲು ಬಡಿದವರೇ ಆಗಿರುತ್ತಾರೆ. ಹಿಂಡಿದ ಹಾಲು ಕೋಣೆಯ ಉಷ್ಣತೆಯಲ್ಲಿ ಸುಮಾರು 4 ಗಂಟೆ ಕೆಡದೆ ಉಳಿಯುತ್ತದೆ, ಫ್ರಿಜ್ಜಿನಲ್ಲಾದರೆ 4 ದಿನ. ಆದರೆ ಕಚೇರಿಯ ಫ್ರಿಜ್ಜಿನಲ್ಲಿ ಯಾರದೋ ಬೂಷ್ಟು ಹಿಡಿದ ಡಬ್ಬಿಗೆ ತಿಂಗಳುಗಟ್ಟಲೆ ವಾಸದ ಹಕ್ಕಿದ್ದರೂ, ಈ ಪುಟ್ಟ ಬಾಟಲಿಯನ್ನು ಕಂಡೊಡನೆ ನೈರ್ಮಲ್ಯದ ಪ್ರಶ್ನೆ ಏಳುತ್ತದೆ.

ಅತ್ತ, ದಿನಕ್ಕೆ ಐದು ಸಲ ಹೊಗೆ ಬಿಡಲು ಕಟ್ಟಡದಿಂದಿಳಿದು ಹೋಗುವವರನ್ನು ಯಾರೂ ಲೆಕ್ಕವಿಡುವುದಿಲ್ಲ. ಅಲ್ಲಿ ಸಂಪರ್ಕಗಳು ಬೆಳೆಯುತ್ತವೆ, ಬಡ್ತಿಗಳು ಚಿಗುರುತ್ತವೆ. ಸೇದುವ ಹೊಗೆಗಿರುವ ಮರ್ಯಾದೆ ಹಿಂಡುವ ಹಾಲಿಗಿಲ್ಲ. ಆ ಗುಂಪಿನಲ್ಲಿ ಅದೇ ವಯಸ್ಸಿನ ಮಕ್ಕಳ ತಂದೆಯರೂ ಇರುತ್ತಾರೆ. ‘ಮಗುವನ್ನು ಯಾರ ಹತ್ತಿರ ಬಿಟ್ಟು ಬಂದಿರಿ?’ ಎಂದು ಅವರನ್ನು ಕೇಳಿದರೆ ಪ್ರಶ್ನೆಯೇ ಅರ್ಥವಾಗದವರಂತೆ ನಗುತ್ತಾರೆ.

ಆಗಸ್ಟ್ 1ರಿಂದ 7ರವರೆಗೆ ವಿಶ್ವ ಸ್ತನ್ಯಪಾನ ಸಪ್ತಾಹ. ಆ ವಾರ ತಾಯಿಯ ಹಾಲು ಅಮೃತವಾಗುತ್ತದೆ. ಅದರ ಮಹತ್ವದ ಮೇಲಿನ ಉಪನ್ಯಾಸವನ್ನು ಕೆಲಸಕ್ಕೆ ಅಡ್ಡಿಯಾಗದಂತೆ ಸಂಜೆ ಕಚೇರಿ ಮುಗಿದ ಮೇಲೆ ಇಟ್ಟುಕೊಳ್ಳುವುದು, ಹಾಗೂ ಬಾಣಂತನ ಮುಗಿಸಿ ಬಂದವರ ಹಾಜರಿಯನ್ನು ಕಡ್ಡಾಯಗೊಳಿಸುವುದು ರೂಢಿ. ಹಾಲೂಡಿಸುವುದರಿಂದ ತಾಯಿಗೂ ಮಗುವಿಗೂ ಆಗುವ ಲಾಭಗಳನ್ನು ಭಾಷಣಕಾರರು ಬೆರಳು ಮಡಿಸಿ ಎಣಿಸುತ್ತಿರುವಾಗ, ಮೂರನೆಯ ಸಾಲಿನಲ್ಲಿ ಕುಳಿತವಳೊಬ್ಬಳು ಒದ್ದೆಯಾಗುತ್ತಿರುವ ಎದೆಗೆ ಕಡತವನ್ನು ಒತ್ತಿಕೊಂಡು ಗಡಿಯಾರ ನೋಡುತ್ತಿರುತ್ತಾಳೆ.

ಇದೆಲ್ಲದರ ಮೂಲ ಮಗುವೇ ಆದ್ದರಿಂದ ಅದಕ್ಕೆ ಕಾರಣ ಕೇಳಿ ನೋಟಿಸ್ ಕೊಡುವುದು ಅನಿವಾರ್ಯವಾಯಿತು. ಕೆಲಸದ ವೇಳೆಯಲ್ಲಿ ಹಸಿದದ್ದು, ರಾತ್ರಿ ಮೂರು ಬಾರಿ ಎದ್ದು ಸಿಬ್ಬಂದಿಯೊಬ್ಬರ ಮರುದಿನದ ಕಾರ್ಯಕ್ಷಮತೆಗೆ ಧಕ್ಕೆ ತಂದದ್ದು, ತಾಯಿ ಮನೆ ತಲುಪುವ ಹೊತ್ತಿಗೆ ಸರಿಯಾಗಿ ನಿದ್ದೆ ಹೋಗಿ ಅವಳ ಮುಖವನ್ನೂ ನೋಡದೆ ಅಸಹಕಾರ ತೋರಿದ್ದು, ಇವಿಷ್ಟಕ್ಕೆ ಏಳು ದಿನದೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದೆಂದು ಸೂಚಿಸಲಾಯಿತು. ಐದನೇ ತಿಂಗಳಿಗೆ ಕಾಲಿಟ್ಟಿದ್ದ ಆರೋಪಿಯು ನೋಟಿಸನ್ನು ಎರಡೂ ಕೈಗಳಿಂದ ಸ್ವೀಕರಿಸಿ ನೇರವಾಗಿ ಬಾಯಿಗೆ ಹಾಕಿಕೊಂಡಿತು. 6 ತಿಂಗಳು ತುಂಬುವ ಮುನ್ನ ತಾಯಿಯ ಹಾಲನ್ನಲ್ಲದೆ ಬೇರೇನನ್ನೂ ಸೇವಿಸಬಾರದೆಂಬ ಸಲಹೆಯನ್ನು ಉಲ್ಲಂಘಿಸಿದ್ದಕ್ಕಾಗಿ ಎರಡನೆಯ ನೋಟಿಸ್ ಈಗ ಸಿದ್ಧವಾಗಿದೆ. ಸಹಿ ಮಾಡಬೇಕಾದ ಮಹನೀಯರು ಸಪ್ತಾಹದ ಪೂರ್ವಭಾವಿ ಸಭೆಯಲ್ಲಿದ್ದಾರೆ, ಬೀಗದ ಕೈಯೂ ಅವರ ಬಳಿಯೇ ಇದೆ.