ಬೊಗಳದ ನಾಯಿ

ಹೊಸ ಕಂಪ್ಯೂಟರ್ ಮನೆಗೆ ಬರುವ ಮೊದಲೇ ಸಲಹೆಗಳು ಬಂದು ಕೂತಿದ್ದವು. "ಆಂಟಿವೈರಸ್ ಮಾತ್ರ ದುಡ್ಡು ಕೊಟ್ಟೇ ತಗೊಳ್ಳಿ, ಪುಕ್ಕಟೆ ನಾಯಿ ಬೊಗಳಲ್ಲ" ಎಂದರು ಭಾವ. "ಏನೂ ಹಾಕ್ಬೇಡಿ ಸಾರ್, ವಿಂಡೋಸ್ ಜೊತೆಗೇ ಬರತ್ತೆ, ಅಷ್ಟು ಸಾಕು" ಎಂದ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ. ಯಾರ ಮಾತು ಕೇಳಿದರೂ ಇನ್ನೊಬ್ಬರೆದುರು ತಲೆ ತಗ್ಗಿಸುವುದು ಖಾತ್ರಿಯಾಗಿತ್ತು.

ಬೊಗಳುವ ನಾಯಿ ಹೇಗಿರುತ್ತದೆಂದು ಹಳೆಯ ಕಂಪ್ಯೂಟರಿನಲ್ಲಿ ನೋಡಿದ್ದೆ. ಅದರೊಳಗೆ ಒಂದು ಆಂಟಿವೈರಸ್ ಟ್ರಯಲ್ ಹೆಸರಿನಲ್ಲಿ ತಾನಾಗಿಯೇ ಬಂದು ಸೇರಿತ್ತು. ಇದ್ದಷ್ಟು ದಿನ ಹಸಿರು ಟಿಕ್ ತೋರಿಸಿಕೊಂಡು ಚೆನ್ನಾಗಿಯೇ ಇತ್ತು. ಗಡುವು ಮುಗಿದ ಮರುದಿನದಿಂದ ಶುರುವಾಯಿತು ನೋಡಿ. ಪತ್ರ ಬರೆಯಲು ಕೂತರೆ "ನೀವು ಅಪಾಯದಲ್ಲಿದ್ದೀರಿ", ಫೋಟೋ ನೋಡಲು ಕೂತರೆ "ನಿಮ್ಮ ಫೈಲುಗಳಿಗೆ ರಕ್ಷಣೆ ಇಲ್ಲ". ಎಲ್ಲ ಕೆಂಪಕ್ಷರದಲ್ಲಿ. ಕೆಳಗೆ "ಈಗಲೇ ನವೀಕರಿಸಿ" ಎಂಬ ಗುಂಡಿ ಹಲಗೆಯಷ್ಟು ಅಗಲ. "ಬೇಡ" ಎಂಬುದು ಕನ್ನಡಕ ಹಾಕಿಕೊಂಡು ಹುಡುಕಬೇಕಾದಷ್ಟು ಸಣ್ಣದು. ಕಳ್ಳ ಬಂದರೆ ಏನು ಮಾಡುತ್ತಿತ್ತೋ, ಸಂಬಳ ನಿಂತಾಗ ಮಾಡಿದ ಗಲಾಟೆಯಂತೂ ಮರೆಯುವ ಹಾಗಿಲ್ಲ. ಅದರ ಬಾಯಿ ಮುಚ್ಚಿಸಲು ಇನ್ನೊಂದು ಆಂಟಿವೈರಸ್ ತಂದು ಹಾಕಿದೆ. ಒಂದು ಹಿಡಿದು ಕೂಡಿಹಾಕಿದ್ದನ್ನು ಇನ್ನೊಂದು ಮೂಸಿ ನೋಡಿ ಅದೇ ಕಳ್ಳನೆಂದು ಕೂಗತೊಡಗಿತು. ಇಬ್ಬರ ಜಗಳದಲ್ಲಿ ಕಂಪ್ಯೂಟರ್ ಏದುಸಿರು ಬಿಡುತ್ತಿತ್ತು.

ಆದ್ದರಿಂದ ಈ ಸಲ ಓದಿಯೇ ತೀರ್ಮಾನಿಸುತ್ತೇನೆಂದು ಹಟ ತೊಟ್ಟೆ. ಮೂರು ರಾತ್ರಿ ಹೋಯಿತು. ಆಂಟಿವೈರಸ್‌ಗಳಿಗೆ ಪರೀಕ್ಷೆ ಇಟ್ಟು ಅಂಕ ಕೊಡುವವರೂ ಇದ್ದಾರೆ. ಜರ್ಮನಿಯಲ್ಲಿ ಎವಿ-ಟೆಸ್ಟ್, ಆಸ್ಟ್ರಿಯಾದಲ್ಲಿ ಎವಿ-ಕಂಪ್ಯಾರೆಟಿವ್ಸ್. ಎವಿ-ಟೆಸ್ಟ್‌ನವರು ರಕ್ಷಣೆಗೆ 6, ಕಂಪ್ಯೂಟರನ್ನು ನಿಧಾನ ಮಾಡದಿರುವುದಕ್ಕೆ 6, ಸುಮ್ಮಸುಮ್ಮನೆ ಕೂಗದಿರುವುದಕ್ಕೆ 6, ಒಟ್ಟು 18 ಅಂಕ ಇಟ್ಟಿದ್ದಾರೆ. ಬಲು ಉತ್ಸಾಹದಿಂದ ಫಲಿತಾಂಶ ತೆರೆದರೆ, ಹೆಸರು ಕೇಳಿದ ಬಹುಪಾಲು ಮಂದಿ 17ರಿಂದ 18ರೊಳಗೇ ಕೂತಿದ್ದಾರೆ. ಇಡೀ ಕ್ಲಾಸೇ ಡಿಸ್ಟಿಂಕ್ಷನ್ ಬಂದರೆ ಗಂಡು ಹುಡುಕುವವರು ಏನು ಮಾಡಬೇಕು?

ಎರಡನೆಯ ರಾತ್ರಿ ಅವಾಸ್ಟ್ ಒಳ್ಳೆಯದೋ ಎವಿಜಿ ಒಳ್ಳೆಯದೋ ಎಂದು ತೂಗಿದ್ದೇ ತೂಗಿದ್ದು. ಕೊನೆಗೆ ತಿಳಿದದ್ದು, ಎವಿಜಿಯನ್ನು ಅವಾಸ್ಟ್ 2016ರಲ್ಲೇ ಕೊಂಡುಕೊಂಡಿತ್ತು. ಸರಿ, ನಾರ್ಟನ್ ನೋಡೋಣ ಎಂದು ಹೊರಟರೆ, 2022ರಲ್ಲಿ ಆ ಅವಾಸ್ಟೇ ನಾರ್ಟನ್ ಕಂಪನಿಯೊಳಗೆ ಸೇರಿದೆ. ಅವಿರಾ ಅದಕ್ಕೂ ಮೊದಲೇ ಅಲ್ಲಿಗೆ ಬಂದಿತ್ತು. ನಾಲ್ಕು ಬಾಗಿಲು ತಟ್ಟಿದೆ, ನಾಲ್ಕನ್ನೂ ತೆರೆದದ್ದು ಒಬ್ಬನೇ ಯಜಮಾನ. ಅಷ್ಟೂ ಹೊತ್ತು ನಾನು ಒಂದೇ ಮನೆಯ ಮಕ್ಕಳ ಜಾತಕ ಹೋಲಿಸುತ್ತಿದ್ದೆ.

ಓದುತ್ತಾ ಹೋದಂತೆ ಆಯ್ಕೆ ಹಿಂದೆ ಬಿತ್ತು, ಕತೆಗಳು ಮುಂದೆ ಬಂದವು. ಹಿಂದಿನ ಕಾಲದ ವೈರಸ್‌ಗಳಿಗೆ ಎಂಥ ಮಾತಿನ ಚಪಲ! 1971ರ ಕ್ರೀಪರ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗಿ "ಕೈಲಾದರೆ ಹಿಡಿ ನೋಡೋಣ" ಎಂದು ಬರೆದು ಬರುತ್ತಿತ್ತಂತೆ, ಕಣ್ಣಾಮುಚ್ಚಾಲೆಯ ಮಕ್ಕಳ ಹಾಗೆ. 1982ರಲ್ಲಿ ಹದಿನೈದು ವರ್ಷದ ಹುಡುಗನೊಬ್ಬ ಆ್ಯಪಲ್ ಕಂಪ್ಯೂಟರಿಗೆ ಬರೆದ ಎಲ್ಕ್ ಕ್ಲೋನರ್, ಐವತ್ತನೆಯ ಸಲ ಶುರು ಮಾಡಿದಾಗ ಒಂದು ಪದ್ಯ ತೋರಿಸುತ್ತಿತ್ತು. ನಲವತ್ತೊಂಬತ್ತು ಸಲ ತಾಳ್ಮೆಯಿಂದ ಕಾದು ಪದ್ಯ ಓದುವ ಕವಿ ಈಗ ಎಲ್ಲಿ ಸಿಗುತ್ತಾನೆ? 1986ರ ಬ್ರೇನ್ ಬರೆದ ಲಾಹೋರಿನ ಅಣ್ಣತಮ್ಮಂದಿರಂತೂ ವೈರಸ್ಸಿನೊಳಗೇ ತಮ್ಮ ಹೆಸರು, ವಿಳಾಸ, ಫೋನ್ ನಂಬರ್ ಬರೆದಿಟ್ಟಿದ್ದರು. ಕನ್ನ ಹಾಕಿ ವಿಸಿಟಿಂಗ್ ಕಾರ್ಡ್ ಬಿಟ್ಟುಹೋದ ಹಾಗೆ.

ಈಗ ಎಲ್ಲ ಅದಲುಬದಲು. ಪಾಸ್‌ವರ್ಡ್ ಕದಿಯುವವನು ಕಂಪ್ಯೂಟರಿನೊಳಗೆ ಉಸಿರು ಬಿಗಿಹಿಡಿದು ಕೂತಿರುತ್ತಾನೆ. ಸದ್ದು ಮಾಡಿದರೆ ಅವನ ಕಸುಬು ಕೆಟ್ಟಿತು. ಮಾತೆಲ್ಲ ಕಾವಲಿನವನದು. "ಇವತ್ತು ಇಷ್ಟು ಫೈಲ್ ನೋಡಿದೆ", "ಈ ವಾರ ನಿಮ್ಮನ್ನು ಇಷ್ಟು ಸಲ ಕಾಪಾಡಿದೆ". ಪಾಪ, ಹೇಳಿಕೊಳ್ಳದಿದ್ದರೆ ಅವನು ಇದ್ದಾನೆಂದು ನಮಗೆ ನೆನಪಾಗುವುದಾದರೂ ಹೇಗೆ? ನೆನಪಾಗದಿದ್ದರೆ ಮುಂದಿನ ವರ್ಷದ ದುಡ್ಡು ಕೊಡುವವರು ಯಾರು?

ಕಾವಲಿನವರ ಎಡವಟ್ಟುಗಳೂ ಕಡಿಮೆಯಲ್ಲ. 2010ರ ಏಪ್ರಿಲ್‌ನಲ್ಲಿ ಮ್ಯಾಕಫಿಯ ಒಂದು ಅಪ್‌ಡೇಟ್, ವಿಂಡೋಸ್ ಎಕ್ಸ್‌ಪಿಯ ಸ್ವಂತ ಫೈಲೊಂದನ್ನೇ ವೈರಸ್ ಎಂದು ಹಿಡಿದು ಕೂಡಿಹಾಕಿತು. ಮನೆಯ ಯಜಮಾನನನ್ನೇ ಕಟ್ಟಿಹಾಕಿದ ಮೇಲೆ ಕಂಪ್ಯೂಟರುಗಳು ಏಳುವುದು ಬೀಳುವುದು, ಮತ್ತೆ ಏಳುವುದು ಬೀಳುವುದು. ಇನ್ನೊಂದು ಸಂಗತಿ ಓದಿ ಮಾತ್ರ ನಗು ಬರಲಿಲ್ಲ: ತನ್ನನ್ನು ನಂಬಿದವರು ಯಾವ ಯಾವ ತಾಣಕ್ಕೆ ಹೋದರೆಂಬ ವಿವರವನ್ನು ಅವಾಸ್ಟ್ ಮಾರಿಕೊಂಡಿತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ 1.65 ಕೋಟಿ ಡಾಲರ್ ಕಕ್ಕಿಸಿತು. ಕೋಣೆ ಕೋಣೆಗೂ ಬಿಟ್ಟುಕೊಂಡವನು ಬೀದಿಯಲ್ಲಿ ನಮ್ಮ ಮನೆಯ ಸುದ್ದಿ ಮಾರುತ್ತಿದ್ದರೆ ಯಾರಿಗೆ ಹೇಳೋಣ?

ಇಷ್ಟರ ಮೇಲೆ ಎಲ್ಲ ವೈರಸ್ಸನ್ನೂ ತಪ್ಪದೆ ಹಿಡಿಯುವ ಆಂಟಿವೈರಸ್ ಇರಲಾರದೆಂದು ಫ್ರೆಡ್ ಕೋಹೆನ್ ಎಂಬ ಕಂಪ್ಯೂಟರ್ ವಿಜ್ಞಾನಿ 1980ರ ದಶಕದಲ್ಲೇ ತೋರಿಸಿಟ್ಟಿದ್ದಾನೆ. ಅವನ ವಾದ ಮನೆಯಲ್ಲಿ ಮಗು ಸಾಕಿದವರಿಗೆಲ್ಲ ಅರ್ಥವಾಗುವಂಥದ್ದು. ವೈರಸ್ಸು ಆಂಟಿವೈರಸ್ಸನ್ನೇ "ನಾನು ವೈರಸ್ಸಾ?" ಎಂದು ಕೇಳುತ್ತದೆ ಅನ್ನಿ. ಹೌದು ಎಂದರೆ ತೆಪ್ಪಗಿರುತ್ತದೆ, ಅಲ್ಲ ಎಂದರೆ ಹಬ್ಬುತ್ತದೆ. ಏನು ಹೇಳಿದರೂ ಹೇಳಿದ್ದು ಸುಳ್ಳು.

ಮೂರನೆಯ ರಾತ್ರಿಯ ಕೊನೆಗೆ ಹುಡುಗನ ಮಾತೇ ಗೆದ್ದಿತು. ವಿಂಡೋಸ್‌ನಲ್ಲಿ 2012ರಿಂದ ಡಿಫೆಂಡರ್ ಎಂಬ ಆಂಟಿವೈರಸ್ ಮನೆಯವನೇ ಆಗಿ ಇದ್ದಾನೆ. ಅವನ ಅಂಕವೂ ಉಳಿದವರಿಗೆ ಸಮವೇ. ನನಗೆ ಹಿಡಿಸಿದ್ದು ಅವನ ನಡತೆ. ಬೇರೆಯವನನ್ನು ತಂದು ಕೂರಿಸಿದರೆ ಮಾತಿಲ್ಲದೆ ಪಕ್ಕಕ್ಕೆ ಸರಿಯುತ್ತಾನೆ. ಆ ಬೇರೆಯವನ ಲೈಸೆನ್ಸ್ ಮುಗಿದು ಹೋದರೆ ಮಾತಿಲ್ಲದೆ ಬಂದು ಮತ್ತೆ ಬಾಗಿಲಲ್ಲಿ ನಿಲ್ಲುತ್ತಾನೆ. ಜೊತೆಗೆ ಫೋಟೋಗಳನ್ನೆಲ್ಲ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಹಾಕಿ ಬೀರುವಿನಲ್ಲಿಟ್ಟೆ. ಅಪ್‌ಡೇಟ್ ಬಂದಾಗ "ಆಮೇಲೆ" ಎಂದು ಒತ್ತುವ ಚಾಳಿಯನ್ನೂ ಬಿಟ್ಟೆ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಕುತಂತ್ರಾಂಶ ಬಂದು ಲೋಕದ ಫೈಲುಗಳಿಗೆಲ್ಲ ಬೀಗ ಜಡಿದಾಗ, ಅದು ನುಗ್ಗಿದ ಕಿಂಡಿಗೆ ತೇಪೆಯನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತಂತೆ. ನನ್ನಂಥವರೇ ತುಂಬಾ ಜನ ಇದ್ದಿರಬೇಕು.

ಎರಡು ವಾರ ಕಳೆಯಿತು. ಡಿಫೆಂಡರ್ ಒಂದು ಮಾತೂ ಆಡಲಿಲ್ಲ. ಬೇಕಿದ್ದದ್ದು ಇದೇ ತಾನೇ? ಆದರೂ ಒಳಗೊಳಗೇ ಕಸಿವಿಸಿ. ಇದ್ದಾನೋ, ನಿದ್ದೆ ಹೋಗಿದ್ದಾನೋ? ಹಳೆಯ ಕೆಂಪಕ್ಷರದವನೇ ವಾಸಿಯಿದ್ದ, ಬೈದಾದರೂ ಇದ್ದೇನೆಂದು ತಿಳಿಸುತ್ತಿದ್ದ. ಹೆಂಡತಿಯ ಹತ್ತಿರ ಹೇಳಿಕೊಂಡೆ.

"ಸುಮ್ನಿದ್ರೆ ಕೆಲಸ ಮಾಡ್ತಿಲ್ಲ ಅಂತಾನಾ? ನಾನು ಈ ಮನೇಲಿ ಮಾಡೋದನ್ನೆಲ್ಲ ಡಂಗುರ ಹೊಡ್ಕೊಂಡು ಮಾಡ್ತಿದೀನಾ?" ಎಂದಳು.

ಭಾವನ ನಾಯಿಯ ಉಪಮೆ ತುದಿನಾಲಿಗೆಯ ಮೇಲಿತ್ತು. ನುಂಗಿಕೊಂಡೆ.

ಇಂಥ ಅನುಮಾನದವರಿಗೂ ಲೋಕದಲ್ಲಿ ಒಂದು ವ್ಯವಸ್ಥೆ ಇದೆ. ಐಕಾರ್ ಎಂಬ ಯುರೋಪಿನ ಸಂಸ್ಥೆ ಗೊತ್ತುಮಾಡಿದ 68 ಅಕ್ಷರಗಳ ಒಂದು ಸಾಲು. ಅದರಿಂದ ಯಾರಿಗೂ ಏನೂ ಆಗುವುದಿಲ್ಲ; ಆದರೆ ಅದನ್ನು ಕಂಡರೆ ವೈರಸ್ ಕಂಡಂತೆ ನಡೆದುಕೊಳ್ಳಬೇಕೆಂದು ಆಂಟಿವೈರಸ್‌ಗಳೆಲ್ಲ ಒಪ್ಪಿಕೊಂಡಿವೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ನೋಟ್‌ಪ್ಯಾಡ್ ತೆರೆದು ಆ ಸಾಲನ್ನು ಅಂಟಿಸಿ ಸೇವ್ ಮಾಡಿದೆ. ಒಂದು ಕ್ಷಣವೂ ಆಗಿರಲಿಲ್ಲ, ಮೂಲೆಯಲ್ಲಿ ಟಿಣ್ ಎಂದಿತು: ಬೆದರಿಕೆ ಪತ್ತೆಯಾಗಿದೆ. ಫೈಲ್ ಮಾಯ.

"ಏನ್ರೀ ಅದು ಸದ್ದು? ವೈರಸ್ ಬಂತಾ?" ಒಳಗಿನಿಂದ ನಿದ್ದೆಗಣ್ಣಿನ ದನಿ.

"ಇಲ್ಲ, ನಾನೇ ಹಾಕಿದೆ" ಎಂದೆ.

ಒಳಗಿನಿಂದ ಉತ್ತರ ಬರಲಿಲ್ಲ. ನಾನು ಅದೇ ಸಾಲನ್ನು ಇನ್ನೊಂದು ಸಲ ಅಂಟಿಸಿದೆ.