ಕೆಂಪು ಕೊರಳವಸ್ತ್ರದ ಪ್ರತಿಜ್ಞೆ

ಲೆನಿನ್‌ಗ್ರಾಡಿನ ಅನಿಚ್ಕೋವ್ ಅರಮನೆ ಒಂದು ಕಾಲಕ್ಕೆ ರಷ್ಯಾದ ರಾಜಮನೆತನದವರ ನಿವಾಸವಾಗಿತ್ತು. 1937ರಲ್ಲಿ ಅದನ್ನು ಶಾಲಾ ಮಕ್ಕಳಿಗಾಗಿ ತೆರೆದರು. ಕಾರ್ಮಿಕರ ಮಕ್ಕಳೂ ಅಲ್ಲಿಗೆ ಬಂದು ಚೆಸ್, ಸಂಗೀತ, ನೃತ್ಯ, ವಿಜ್ಞಾನಗಳನ್ನು ಬಿಡಿಗಾಸೂ ಕೊಡದೆ ಕಲಿಯಬಹುದಾಗಿತ್ತು. ಯುದ್ಧಾನಂತರದ ಬಡತನದಲ್ಲಿ ಬೆಳೆಯುತ್ತಿದ್ದ ಬೋರಿಸ್ ಸ್ಪಾಸ್ಕಿ ಅಲ್ಲಿಯೇ ವ್ಲಾದಿಮಿರ್ ಝಾಕ್ ಅವರ ಶಿಷ್ಯನಾಗಿ ಪಳಗಿ, 1969ರಲ್ಲಿ ಚೆಸ್ ವಿಶ್ವ ಚಾಂಪಿಯನ್ ಆದರು. ಇಂಥ ಅರಮನೆಗಳನ್ನು ತನ್ನದಾಗಿಸಿಕೊಂಡಿದ್ದ ಪಯೋನಿಯರ್ ಎಂಬ ಸೋವಿಯತ್ ಮಕ್ಕಳ ಸಂಘಟನೆಯ ಬಗ್ಗೆ ನನಗಿರುವ ಗೌರವವೆಲ್ಲ ಇಂಥ ಕಲಿಕೆಯ ಕೋಣೆಗಳಿಗೆ ಸಲ್ಲುವಂಥದ್ದು. ಆದರೆ ಆ ಕೋಣೆಗಳನ್ನು ತೋರಿಸಿ ಅದರ ಸದಸ್ಯ ಮಕ್ಕಳ ಕೊರಳಿನ ಕೆಂಪು ವಸ್ತ್ರವನ್ನೂ ಸಮರ್ಥಿಸುವವರ ಮಾತನ್ನು ನಾನು ಒಪ್ಪಲಾರೆ.

1922ರ ಮೇ 19ರಂದು ಆರಂಭವಾದ ಈ ಸಂಘಟನೆ ಸ್ಕೌಟ್ ಪದ್ಧತಿಯಿಂದ ಸಾಕಷ್ಟನ್ನು ಎರವಲು ಪಡೆಯಿತು. ಸ್ಕೌಟ್ ದಳಗಳಿಗೆ ಮಾತ್ರ ಆ ನೆಲದಲ್ಲಿ ಉಳಿಗಾಲವಿರಲಿಲ್ಲ. ಒಂಬತ್ತು ಹತ್ತು ವರ್ಷದ ಮಗು ಜತೆಗಾರರ ಮುಂದೆ ನಿಂತು, ಲೆನಿನ್ ಹೇಳಿಕೊಟ್ಟಂತೆ ಬದುಕುತ್ತೇನೆ, ಹೋರಾಡುತ್ತೇನೆ ಎಂದು ಪ್ರತಿಜ್ಞೆ ಮಾಡಬೇಕು. ಬಳಿಕ ಕೊರಳಿಗೆ ಬೀಳುವ ವಸ್ತ್ರದ ಮೂರು ಮೂಲೆಗಳೆಂದರೆ ಕಮ್ಯುನಿಸ್ಟ್ ಪಕ್ಷ, ಅದರ ಯುವಸಂಘಟನೆಯಾದ ಕೊಮ್ಸೊಮೋಲ್ ಮತ್ತು ಪಯೋನಿಯರ್ ಎಂಬ ಮೂರು ತಲೆಮಾರುಗಳು. ವಂದಿಸುವಾಗ ಕೈಯನ್ನು ಹಣೆಗಿಂತ ಮೇಲೆತ್ತಬೇಕು, ಏಕೆಂದರೆ ಸ್ವಂತದ್ದಕ್ಕಿಂತ ಸಮಾಜದ್ದು ದೊಡ್ಡದು. ಹೆಸರಿಗೆ ಇದು ಸ್ವಯಂಪ್ರೇರಿತ ಸದಸ್ಯತ್ವ. ಇಡೀ ತರಗತಿಯೇ ಸೇರುವಾಗ ಒಂದು ಮಗು ಒಲ್ಲೆನೆನ್ನುವುದು ಹೇಗೆ? ದೈವಶ್ರದ್ಧೆಯ ಕಾರಣಕ್ಕೆ ವಸ್ತ್ರವನ್ನು ನಿರಾಕರಿಸಿದ ಬ್ಯಾಪ್ಟಿಸ್ಟ್ ಕ್ರೈಸ್ತ ಕುಟುಂಬಗಳ ಮಕ್ಕಳು ಶಾಲೆಯಲ್ಲಿ ಪಟ್ಟ ಪಾಡು ಈ ಪ್ರಶ್ನೆಗೆ ಉತ್ತರ.

ನನ್ನನ್ನು ಹೆಚ್ಚು ಕಾಡುವುದು ಪಾವ್ಲಿಕ್ ಮೊರೊಜೋವ್‌ನ ಕಥೆ. ಗೆರಾಸಿಮೊವ್ಕಾ ಎಂಬ ಹಳ್ಳಿಯ ಈ ಬಾಲಕ 1932ರಲ್ಲಿ ಕೊಲೆಯಾದ. ತಂದೆಯ ವಿರುದ್ಧವೇ ದೂರು ಕೊಟ್ಟ ಧೀರನೆಂದು ಸರ್ಕಾರ ಅವನನ್ನು ಕೊಂಡಾಡಿತು, 1948ರಲ್ಲಿ ಮಾಸ್ಕೋದಲ್ಲಿ ಪ್ರತಿಮೆ ನಿಲ್ಲಿಸಿತು. ಅವನು ಪಯೋನಿಯರ್ ಆಗಿದ್ದನೇ ಎಂಬುದನ್ನೇ ಮುಂದೆ ಸಂಶೋಧಕರು ಪ್ರಶ್ನಿಸಿದ್ದಾರೆ. ಅದು ಹೇಗೇ ಇರಲಿ, ಹೆತ್ತವರನ್ನು ಹಿಡಿದುಕೊಡುವುದನ್ನೇ ಎಳೆಯರಿಗೆ ಆದರ್ಶವೆಂದು ದಶಕಗಳ ಕಾಲ ಕಲಿಸಿದ್ದು ಮಕ್ಕಳ ಮೇಲಿನ ಕ್ರೌರ್ಯವೆಂದೇ ನಾನು ತಿಳಿಯುತ್ತೇನೆ. ಅಗ್ಗದ ಬೆಲೆಯ ಚೆಂದದ ಸೋವಿಯತ್ ಪುಸ್ತಕಗಳನ್ನು ಕನ್ನಡದಲ್ಲಿ ಓದಿ ಬೆಳೆದ ನಮ್ಮಂಥವರಿಗೆ ಈ ಮಾತು ಕಹಿಯಾದೀತು. ಆ ಪುಸ್ತಕಗಳ ಮೇಲಿನ ಪ್ರೀತಿ ನನಗೂ ಇದೆ.

ಪ್ರತಿಜ್ಞೆ ಇಲ್ಲದಿದ್ದರೆ ಅರಮನೆಯೂ ಇರುತ್ತಿರಲಿಲ್ಲ ಎಂದು ವಾದಿಸುವವರಿದ್ದಾರೆ. 1991ರಲ್ಲಿ ಸಂಘಟನೆ ಕೊನೆಗೊಂಡಿತು. ಅನಿಚ್ಕೋವ್ ಅರಮನೆ ಇಂದಿಗೂ ಮಕ್ಕಳ ಕಲಿಕೆಯ ಕೇಂದ್ರವಾಗಿಯೇ ನಡೆಯುತ್ತಿದೆ.